ಮೊದಲ ಮಾತು ಮೈಕಿಗೆ

ಬೆಳಿಗ್ಗೆ ಆರೂವರೆಗೆ ಹೆಂಡತಿ "ಎದ್ರಾ?" ಎಂದು ಕೇಳಿದಾಗ ಆ ಮನುಷ್ಯ "ಹೂಂ" ಎಂದಿದ್ದರೆ ಸಾಕಿತ್ತು, ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಎಚ್ಚರವಾಗಿತ್ತು, ಪ್ರಶ್ನೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ತುಟಿ ಎರಡನ್ನೂ ಬಿಗಿಹಿಡಿದು, ಹೌದು ಎನ್ನುವಂತೆ ತಲೆಯಾಡಿಸಿದರು. ಕತ್ತಲೆ ಕೋಣೆಯಲ್ಲಿ ತಲೆಯಾಡಿಸಿದರೆ ಯಾರಿಗೆ ಕಾಣಬೇಕು? ಹೆಂಡತಿ ಇನ್ನೆರಡು ಸಲ ಕೂಗಿ, ಕೊನೆಗೆ ತಾವೇ ಬಂದು ದೀಪ ಹಾಕಿ ನೋಡಿದರೆ, ಗಂಡ ಹಾಸಿಗೆಯ ಮೇಲೆ ನೆಟ್ಟಗೆ ಕುಳಿತು ಗೂಬೆಯ ಹಾಗೆ ಕಣ್ಣು ಬಿಡುತ್ತಿದ್ದರು.

ಅವರು ರೈಲು ನಿಲ್ದಾಣದ ಉದ್ಘೋಷಕರು. ಯಾವ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಎಷ್ಟು ತಡ ಎಂಬುದನ್ನೆಲ್ಲ ಒಂದು ಇಕ್ಕಟ್ಟಾದ ಗೂಡಿನಲ್ಲಿ ಕುಳಿತು ಮೈಕಿನಲ್ಲಿ ಹೇಳುವುದು ಅವರ ಕೆಲಸ. ಹದಿನೆಂಟು ವರ್ಷ "ಪ್ರಯಾಣಿಕರೇ, ದಯವಿಟ್ಟು ಗಮನಿಸಿ" ಎಂದು ಹೇಳಿ ಹೇಳಿ ಅವರ ಹೆಸರೇ ಗಮನಿಸಿ ಎಂದಾಗಿಬಿಟ್ಟಿತ್ತು. ದೊಡ್ಡವರು ಗಮನಿಸಿಯವರು ಎನ್ನುತ್ತಿದ್ದರು, ಬಿಲ್ಡಿಂಗಿನ ಮಕ್ಕಳೆಲ್ಲ ಗಮನಿಸಿ ಮಾಮ ಎನ್ನುತ್ತಿದ್ದರು. ಧ್ವನಿ ಮಾತ್ರ, ಸುಳ್ಳು ಹೇಳಬಾರದು, ಬೆಣ್ಣೆ. ಗಾಡಿ ಐದು ಗಂಟೆ ತಡ ಎಂಬ ಸುದ್ದಿಯನ್ನು ಅವರ ಬಾಯಲ್ಲಿ ಕೇಳಿದವರು ಯಾರ ಮೇಲೂ ಸಿಟ್ಟಾಗದೆ ಹೋಗಿ ಬೆಂಚಿನ ಮೇಲೆ ಮಲಗಿಬಿಡುತ್ತಿದ್ದರು.

ಲಾಕ್‌ಡೌನ್ ಬಂತು, ರೈಲು ನಿಂತಿತು. ಐವತ್ಮೂರು ದಿನದಿಂದ ಆ ಬೆಣ್ಣೆಯಂಥ ಧ್ವನಿ ಎರಡು ಕೋಣೆ, ಒಂದು ಅಡುಗೆಮನೆಯೊಳಗೆ ಓಡಾಡುತ್ತಿತ್ತು. ಸ್ನಾನಕ್ಕೆ ಹೋಗಬೇಕಾಗಿರುವ ಕಿರಿಯ ಸದಸ್ಯರು ಕೂಡಲೇ ಬಚ್ಚಲುಮನೆಗೆ ಆಗಮಿಸಬೇಕೆಂದು ಅವರು ಎಡಗಿವಿಗೆ ಅಂಗೈ ಹಿಡಿದು ಪ್ರಕಟಿಸಿದರೆ, ಆರು ವರ್ಷದ ಮಗ ಮಂಚದ ಕೆಳಗಿನಿಂದ, ಸದರಿ ಸದಸ್ಯರು ಎರಡು ಗಂಟೆ ತಡವಾಗಿ ಚಲಿಸುತ್ತಿದ್ದಾರೆ, ಅನಾನುಕೂಲತೆಗಾಗಿ ವಿಷಾದಿಸುತ್ತೇವೆ ಎಂದು ಉತ್ತರ ಕೊಡುತ್ತಿದ್ದ. ಹತ್ತು ವರ್ಷದ ಮಗಳು ಬಾಯಲ್ಲೇ ಡಿಂಗ್ ಡಾಂಗ್ ಎಂದು ಗಂಟೆ ಬಾರಿಸುತ್ತಿದ್ದಳು. ಹೆಂಡತಿ ಹೊಲಿಗೆಯವರು. ನಡುಮನೆಯಲ್ಲೇ ಮೆಷಿನ್ ಹಾಕಿಕೊಂಡು ದಿನಕ್ಕೆ ಇನ್ನೂರು ಮಾಸ್ಕ್ ಹೊಲಿಯುತ್ತಿದ್ದ ಅವರು, ಈ ಮೂರೂ ಜನರ ಸದ್ದನ್ನು ಮೆಷಿನ್ ತುಳಿದು ಮುಚ್ಚಿಹಾಕುತ್ತಿದ್ದರು.

ಹೀಗಿರುವಾಗ ಹಿಂದಿನ ದಿನ ದೊಡ್ಡ ಕಚೇರಿಯಿಂದ ಸಂದೇಶ ಬಂದಿತ್ತು. ಮುಂದಿನ ವಾರ ರೈಲು ಮತ್ತೆ ಓಡುತ್ತದೆ. ಇನ್ನು ಮೇಲೆ ನಿಲ್ದಾಣಕ್ಕೊಬ್ಬ ಉದ್ಘೋಷಕ ಬೇಡ. ಒಬ್ಬನೇ ಒಬ್ಬನ ಧ್ವನಿಯನ್ನು ಮುದ್ರಿಸಿಕೊಂಡು ಎಲ್ಲ ನಿಲ್ದಾಣಗಳಲ್ಲೂ ಅದನ್ನೇ ಹಾಕಲಾಗುವುದು. ನಾಳೆ ಮಧ್ಯಾಹ್ನ ಎರಡು ಗಂಟೆಗೆ ಸುರಕ್ಷತಾ ಪ್ರಕಟಣೆಯೊಂದರ ಒಕ್ಕಣೆ ಫೋನಿಗೆ ಬರುತ್ತದೆ, ಅದನ್ನು ಓದಿ ಮುದ್ರಿಸಿ ನಾಲ್ಕರೊಳಗೆ ಕಳಿಸಬೇಕು. ಆಯ್ಕೆಯಾದವನದೇ ಧ್ವನಿ ಶಾಶ್ವತ. ಆಗದವರನ್ನು ಪಾರ್ಸೆಲ್ ಶೆಡ್ಡಿಗೆ, ಮೂಟೆಗೆ ಚೀಟಿ ಅಂಟಿಸುವ ಕೆಲಸಕ್ಕೆ ಹಾಕಲಾಗುವುದು. ಗಮನಿಸಿಯವರು ಅದನ್ನು ಮೂರು ಸಲ ಓದಿದರು. ಮೂಟೆಗಳ ಮುಂದೆ ಎಂಥ ಧ್ವನಿ ಇದ್ದರೇನು, ಯಾವ ಮೂಟೆ ಗಮನಿಸುತ್ತದೆ?

ಅವರಿಗೆ ಕೆಲಸ ಕಲಿಸಿದ ಹಳೆಯ ಉದ್ಘೋಷಕರು ಒಂದು ನೇಮ ಹೇಳಿಕೊಟ್ಟಿದ್ದರು. ಧ್ವನಿ ಮುದ್ರಿಸುವ ದಿನ ಎದ್ದ ಮೇಲೆ ಯಾರೊಂದಿಗೂ ಒಂದಕ್ಷರ ಆಡಕೂಡದು, ಮೊದಲ ಮಾತು ಮೈಕಿಗೇ ಸಲ್ಲಬೇಕು. ನಿದ್ದೆಯಿಂದೆದ್ದ ಗಂಟಲೆಂದರೆ ಇಸ್ತ್ರಿ ಮಾಡಿದ ಅಂಗಿ, ಆಡಿದ ಒಂದೊಂದು ಮಾತಿಗೂ ಒಂದೊಂದು ಸುಕ್ಕು. ಹದಿನೆಂಟು ವರ್ಷದಲ್ಲಿ ನಾಲ್ಕು ಸಲ ಮುದ್ರಣವಾಗಿತ್ತು, ನಾಲ್ಕೂ ಸಲ ಅವರು ಈ ನೇಮ ತಪ್ಪಿರಲಿಲ್ಲ. ಆದರೆ ಆಗೆಲ್ಲ ಬೆಳಿಗ್ಗೆ ಏಳಕ್ಕೇ ಮುದ್ರಣ ಮುಗಿಯುತ್ತಿತ್ತು. ಈ ಸಲ ಎರಡು ಗಂಟೆಯವರೆಗೆ ಕಾಯಬೇಕು, ಅದೂ ಮಕ್ಕಳಿರುವ ಮನೆಯಲ್ಲಿ.

ವಿಷಯವನ್ನು ರಾತ್ರಿಯೇ ಹೆಂಡತಿಗೆ ಹೇಳಿದ್ದರು. ಹೆಂಡತಿ ಆಕಳಿಸುತ್ತ ಆಗಲಿ ಎಂದಿದ್ದರು. ಬೆಳಿಗ್ಗೆ ದೀಪ ಹಾಕಿ ಆ ಗೂಬೆ ಮುಖ ನೋಡಿದಾಗ ಅವರಿಗೆ ನೆನಪಾಯಿತು, ಮಕ್ಕಳನ್ನು ಕರೆದು, ಇವತ್ತು ಮಧ್ಯಾಹ್ನದವರೆಗೆ ಅಪ್ಪ ಮಾತಾಡುವುದಿಲ್ಲ, ಯಾರೂ ಮಾತಾಡಿಸಬೇಡಿ ಎಂದು ಹೇಳಿದರು.

ಮಗ ಬಾಯಿ ತೆರೆದುಕೊಂಡು ಕೇಳಿದ. ಮಗಳು, ಬೈಯೋದೂ ಇಲ್ವಾ ಎಂದು ವಿಚಾರಿಸಿದಳು. ಬೈಯುವುದೂ ಇಲ್ಲ ಎಂದು ತಿಳಿದ ಮೇಲೆ ಒಳಗೆ ಹೋಗಿ ನೋಟ್‌ಬುಕ್ಕು, ಪೆನ್ಸಿಲ್ಲು ತಂದು ಅಪ್ಪನ ಮುಂದೆ ಕುಳಿತಳು.

"ಅಪ್ಪ, ನಡುಮನೇಲಿ ಎಲ್ಲಾ ಬೆಡ್‌ಶೀಟೂ ಕಟ್ಟಿ ಗುಡಾರ ಮಾಡ್ತೀವಿ. ಬೇಡ ಅಂದ್ರೆ ಈಗ್ಲೇ ಹೇಳು. ಒಂದು, ಎರಡು, ಮೂರು. ಹೇಳ್ಲಿಲ್ಲ. ಅಂದ್ರೆ ಒಪ್ಪಿದ ಹಾಗೆ."

ಅವಳು ಪುಸ್ತಕದಲ್ಲಿ ಟಿಕ್ ಹಾಕಿಕೊಂಡಳು. ಅಪ್ಪ ಎರಡೂ ಕೈ ಬೀಸಿದರು, ತಲೆ ಅಲ್ಲಾಡಿಸಿದರು, ಕಣ್ಣು ಕೆಂಪಗೆ ಮಾಡಿದರು. ಸನ್ನೆ ಲೆಕ್ಕಕ್ಕಿಲ್ಲ, ಬಾಯಿಂದ ಹೇಳಬೇಕು ಎಂದು ಮಗಳು ಕಾನೂನು ಮಾಡಿದಳು. ಐದು ನಿಮಿಷದಲ್ಲಿ ಬಚ್ಚಲಿನ ಬಕೆಟ್ಟುಗಳಲ್ಲಿ ದೋಣಿ ಬಿಡುವುದಕ್ಕೆ, ಗಣಿತದ ಹೋಂವರ್ಕನ್ನು ಬರುವ ವಾರಕ್ಕೆ ತಳ್ಳುವುದಕ್ಕೆ, ಸಕ್ಕರೆ ಡಬ್ಬಿಯನ್ನು ಕೆಳಗಿನ ಕಪಾಟಿನಲ್ಲಿ ಇಡುವುದಕ್ಕೆ, ಮಗನಿಗೆ ಅಪ್ಪನ ಕಾಲುಗುರಿಗೆ ಬಣ್ಣ ಹಚ್ಚುವುದಕ್ಕೆ, ಹೀಗೆ ಹನ್ನೊಂದು ವಿಷಯಗಳಿಗೆ ಅಪ್ಪನ ಸಂಪೂರ್ಣ ಒಪ್ಪಿಗೆ ಸಿಕ್ಕಿತು. ಗಮನಿಸಿಯವರು ಸಹಾಯಕ್ಕಾಗಿ ಹೆಂಡತಿಯತ್ತ ನೋಡಿದರು.

ಹೆಂಡತಿ ಮೆಷಿನ್ ನಿಲ್ಲಿಸಿ ಇದನ್ನೆಲ್ಲ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ರೀ, ಇವತ್ತಿಂದ ಪಾತ್ರೆ ನೀವೇ ತೊಳೀತೀರಾ ತಾನೆ? ಇಲ್ಲ ಅಂದ್ರೆ ಇಲ್ಲ ಅನ್ನಿ, ಬಲವಂತ ಏನಿಲ್ಲ."

ಮೂರು ಎಣಿಸುವ ಕೆಲಸವನ್ನು ಮಗಳೇ ಮಾಡಿದಳು. ಒಂಬತ್ತು ಗಂಟೆಯ ಹೊತ್ತಿಗೆ ಕಾಲಿನ ಹತ್ತು ಬೆರಳಿಗೂ ಹಸಿರು ಬಣ್ಣ ಬಳಿಸಿಕೊಂಡ ಉದ್ಘೋಷಕರು ಸಿಂಕಿನ ಮುಂದೆ ನಿಂತು ಬಾಣಲೆ ಉಜ್ಜುತ್ತಿದ್ದರು. ಒಂದೇ ಒಂದು ಸಲ ಬಾಯಿಬಿಟ್ಟು ಗದರಿದ್ದರೆ ಎಲ್ಲರೂ ಬಾಲ ಮುದುರಿಕೊಂಡು ಕೂರುತ್ತಿದ್ದರು. ಆದರೆ ಆ ಪಾರ್ಸೆಲ್ ಶೆಡ್ಡು ಕಣ್ಣ ಮುಂದೆ ಬರುತ್ತಿತ್ತು. ಪಾತ್ರೆಯಾದರೆ ಪಾತ್ರೆ, ಎರಡು ಗಂಟೆಯ ತನಕ ತಾನೆ ಎಂದು ಮನಸ್ಸನ್ನು ಗಟ್ಟಿಮಾಡಿಕೊಂಡರು.

ಹತ್ತೂವರೆಗೆ ಮಗಳ ಆನ್‌ಲೈನ್ ಕ್ಲಾಸು. ಆ ದಿನದ ಪಾಠ ಸಾರಿಗೆ. ರೈಲಿನ ಮಾತು ಬಂದದ್ದೇ ತಡ, ಮಗಳು ಹೆಮ್ಮೆಯಿಂದ ಕೈಯೆತ್ತಿ, ನಮ್ಮಪ್ಪ ಸ್ಟೇಷನ್ನಲ್ಲಿ ಅನೌನ್ಸ್ ಮಾಡ್ತಾರೆ ಎಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು, ಆದರೆ ಆಗಿಹೋಗಿತ್ತು. ಟೀಚರಿಗೆ ಬಹಳ ಖುಷಿಯಾಯಿತು. ಅಪ್ಪನನ್ನು ಕರಿ, ಎಲ್ಲರಿಗೂ ಒಂದು ಪ್ರಕಟಣೆ ಮಾಡಿ ತೋರಿಸಲಿ ಎಂದರು.

ಕೈಯಲ್ಲಿ ಸೌಟು ಹಿಡಿದುಕೊಂಡೇ ಗಮನಿಸಿಯವರು ಫೋನಿನ ಮುಂದೆ ನಿಂತರು. ಮೂವತ್ತೆಂಟು ಮಕ್ಕಳ ಮುಖಗಳು ಸಣ್ಣ ಸಣ್ಣ ಚೌಕಗಳಲ್ಲಿ ಅವರನ್ನೇ ನೋಡುತ್ತಿದ್ದವು. ಅವರು ಕೈ ಮುಗಿದರು, ನಕ್ಕರು, ಗಂಟಲನ್ನು ತೋರಿಸಿ ಕೈ ಆಡಿಸಿದರು. ಟೀಚರು ಎರಡು ಕ್ಷಣ ಕಾದು, ಸರ್, ನಿಮ್ಮ ಮೈಕ್ ಆಫ್ ಆಗಿದೆ ಎಂದರು. ಮಕ್ಕಳಿಗೆ ಅಷ್ಟೇ ಬೇಕಾಗಿತ್ತು. ಅಂಕಲ್ ಮೈಕ್ ಆನ್ ಮಾಡಿ, ಕೆಳಗಡೆ ಇರೋ ಬಟನ್ ಅಂಕಲ್, ಅದಲ್ಲ ಅಂಕಲ್ ಪಕ್ಕದ್ದು ಎಂದು ಮೂವತ್ತೆಂಟು ಗಂಟಲುಗಳು ಒಟ್ಟಿಗೇ ಅವರಿಗೆ ಮೈಕು ಬಳಸುವುದನ್ನು ಹೇಳಿಕೊಡತೊಡಗಿದವು. ಹದಿನೆಂಟು ವರ್ಷ ಮೈಕಿನ ಮುಂದೆ ಕುಳಿತವರಿಗೆ ಇದಕ್ಕಿಂತ ಅವಮಾನ ಬೇರೆ ಬೇಕೇ? ಅವರ ಕಣ್ಣಲ್ಲಿ ನೀರಾಡಿತು. ಮಗಳು ಪಾಪ, ಸಮಾಧಾನ ಮಾಡಲೆಂದು ಅಪ್ಪಂಗೆ ಇವತ್ತು ಮಾತು ಬರಲ್ಲ ಮಿಸ್ ಎಂದು ಹೇಳಿ ಫೋನು ತಿರುಗಿಸಿಕೊಂಡಳು.

ಆ ಮೂವತ್ತೆಂಟರಲ್ಲಿ ಒಂದು ಚೌಕ, ಕೆಳಗಿನ ಮನೆಯ ಕಾರ್ಯದರ್ಶಿಗಳ ಮೊಮ್ಮಗನದು.

ಕಾರ್ಯದರ್ಶಿಗಳು ಎಂದರೆ ಬಿಲ್ಡಿಂಗಿನ ಸಂಘದ ಕಾರ್ಯದರ್ಶಿಗಳು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಉಕ್ಕಿನ ಟೇಪು ಈಗಲೂ ಸೊಂಟದಲ್ಲೇ ಇರುತ್ತಿತ್ತು. ರೋಗ ಬಂದಾಗಿನಿಂದ ಮೆಟ್ಟಿಲ ಮೇಲೆ ಯಾರಾದರೂ ಇಬ್ಬರು ನಿಂತು ಮಾತಾಡುತ್ತಿದ್ದರೆ ನಡುವೆ ಟೇಪು ಹಿಡಿದು ಆರಡಿ ಇದೆಯೋ ಇಲ್ಲವೋ ನೋಡುತ್ತಿದ್ದರು, ನಾಲ್ಕು ಬೆರಳು ಕಡಿಮೆ ಬಂದರೂ ಬಿಡುತ್ತಿರಲಿಲ್ಲ. ಮೇಲಿನ ಮನೆ ಮಾಮಂಗೆ ಮಾತು ನಿಂತುಹೋಗಿದೆ, ಗಂಟಲು ತೋರಿಸಿಕೊಂಡು ಅತ್ತರು ಎಂದು ಮೊಮ್ಮಗ ಹೇಳಿದ್ದೇ ತಡ, ಅವರು ಎರಡು ಮಾಸ್ಕ್ ಏರಿಸಿ ಮೆಟ್ಟಿಲು ಹತ್ತಿದರು. ಬಾಗಿಲಿಂದ ಆರಡಿ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅದರ ಹಿಂದೆ ನಿಂತು ಕರೆದರು.

ಗಮನಿಸಿಯವರ ಹೆಂಡತಿ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಯಜಮಾನರಿಗೆ ಏನೂ ಆಗಿಲ್ಲ, ಧ್ವನಿ ಚೆನ್ನಾಗಿರಲಿ ಅಂತ ಮಾತಾಡ್ತಿಲ್ಲ ಅಷ್ಟೆ, ಎರಡು ಗಂಟೆಗೆ ಮಾತಾಡ್ತಾರೆ ಎಂದರು. ನಿಜ ಹೇಳುವುದರಲ್ಲಿರುವ ತೊಂದರೆಯೇ ಇದು. ಕೇಳುವವರಿಗೆ ಅದು ಅಡ್ಡಾದಿಡ್ಡಿ ಕಟ್ಟಿದ ಸುಳ್ಳಿನ ಹಾಗೇ ಕೇಳಿಸುತ್ತದೆ. ಮೂವತ್ತು ವರ್ಷ ಅಂಗಡಿಯವರ ತಕ್ಕಡಿ ಪರೀಕ್ಷೆ ಮಾಡಿದ ಮನುಷ್ಯ ಇಂಥ ಕತೆಗಳನ್ನು ಎಷ್ಟು ಕೇಳಿರಲಿಕ್ಕಿಲ್ಲ?

"ನೋಡಮ್ಮ, ದಿನಕ್ಕೆ ನೂರು ಸಲ ಬಾಯಿ ಬಿಡೋ ಮನುಷ್ಯ ಅವರು. ಆರೋಗ್ಯವಾಗಿದ್ರೆ ಒಂದೇ ಒಂದು ಮಾತು ಆಡಿಸು. ನಮಸ್ಕಾರ ಅನ್ನಲಿ ಸಾಕು, ನಾನು ಇಳಿದು ಹೋಗ್ತೀನಿ."

ಹೆಂಡತಿ ಒಳಗೆ ತಿರುಗಿ ನೋಡಿದರು. ಗಮನಿಸಿಯವರು ಗುಡಾರದೊಳಗಿನಿಂದ ಹೊರಬಂದು ಬಾಗಿಲಲ್ಲಿ ನಿಂತರು. ನಮಸ್ಕಾರ. ನಾಲ್ಕಕ್ಷರ. ನಾಲ್ಕು ಸುಕ್ಕು. ಅವರು ಉಸಿರೆಳೆದುಕೊಂಡರು, ಗುರುಗಳನ್ನು ನೆನೆದರು, ಉಸಿರು ಬಿಟ್ಟರು, ಮೌನವಾಗಿ ಕೈ ಜೋಡಿಸಿದರು. ಕಾರ್ಯದರ್ಶಿಗಳು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕಾಲಿನ ಹತ್ತಿರ ಬಂದಾಗ ಅವರ ಕಣ್ಣು ಅಲ್ಲೇ ನಿಂತಿತು.

"ಬೆರಳು ಹಸಿರಾಗಿಬಿಟ್ಟಿದೆಯಲ್ಲಮ್ಮ," ಎಂದರು ಸಣ್ಣ ದನಿಯಲ್ಲಿ. ಅಲ್ಲಿಂದ ಇಳಿದು ಹೋದದ್ದು ಕಾಣಿಸಲೇ ಇಲ್ಲ, ಅಷ್ಟು ಬೇಗ ಹೋದರು.

ಹನ್ನೆರಡರ ಹೊತ್ತಿಗೆ ಮೆಟ್ಟಿಲಿಗೆ ಅಡ್ಡಲಾಗಿ ಬಟ್ಟೆ ಒಣಗಿಸುವ ಹಗ್ಗ ಬಿಗಿಯಲಾಗಿತ್ತು. ಎದುರು ಮನೆಯವರು ಬಾಗಿಲ ಸಂದಿಗಳಿಗೆ ಹಳೆಯ ಪೇಪರು ತುರುಕಿದರು. ಮೇಲಿನ ಮನೆಯವರು ಬಾಲ್ಕನಿಯಿಂದ ಫಿನಾಯಿಲ್ ಸುರಿದರು, ಅದು ನೇರವಾಗಿ ಬಂದು ಒಣಗಲು ಹಾಕಿದ್ದ ಮಾಸ್ಕುಗಳ ಮೇಲೆ ಬಿತ್ತು. ಹೆಂಡತಿಗೆ ಈಗ ತಮಾಷೆ ಸಾಕಾಯಿತು. ಬೇರೆ ಏನೂ ಬೇಡ, ಕಿಟಕಿಗೆ ಬಂದು ಒಂದು ಸಲ ಎಲ್ಲರಿಗೂ ಕೇಳುವ ಹಾಗೆ ಮಾತಾಡಿ, ಇನ್ನೂರು ಮಾಸ್ಕು ಹಾಳಾಯ್ತು ಎಂದು ಗೋಗರೆದರು. ಗಮನಿಸಿಯವರು ಗಡಿಯಾರ ತೋರಿಸಿದರು. ಎರಡು ಗಂಟೆಗೆ ಇನ್ನು ಒಂದೂವರೆ ಗಂಟೆ ಇತ್ತು. ಇಷ್ಟು ಹೊತ್ತು ಕಾದಿಟ್ಟ ಮಾತನ್ನು ಕೆಳಗಿನ ಮನೆಯವರಿಗೆ ಕೊಟ್ಟುಬಿಡಲು ಅವರ ಮನಸ್ಸು ಒಪ್ಪಲಿಲ್ಲ.

ಎರಡು ಗಂಟೆಗೆ ಒಕ್ಕಣೆ ಬರಲಿಲ್ಲ. ಎರಡೂವರೆಗೂ ಇಲ್ಲ. ಒಬ್ಬ ಸಾಹೇಬರ ರುಜು ಬಾಕಿ ಇದೆ ಎಂದು ಮೂರಕ್ಕೆ ಸಂದೇಶ ಬಂತು. ಮೂರು ಇಪ್ಪತ್ತಕ್ಕೆ ಒಕ್ಕಣೆ ಬಂತು. ಮುಖ ಮುಚ್ಚಿಕೊಳ್ಳಿ, ದೂರ ನಿಲ್ಲಿ, ಕೈ ತೊಳೆಯಿರಿ, ಕಂಡಲ್ಲಿ ಉಗುಳಬೇಡಿ, ಇಷ್ಟೇ. ಆದರೆ ಕಡೆಯ ಗಂಟೆ ನಾಲ್ಕೇ. ಸಾಹೇಬರ ರುಜು ತಡವಾದರೆ ಅದು ತಡವಲ್ಲ.

ಮನೆಯಲ್ಲಿ ಓಡಾಟ ಶುರುವಾಯಿತು. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಗೋಡೆ ಗಡಿಯಾರವನ್ನು ದಿಂಬಿನ ಕೆಳಗೆ ಹಾಕಿದರು. ಮಗನ ಬಾಯಿಗೆ ಸಕ್ಕರೆ ತುಂಬಿ, ಕರಗುವವರೆಗೆ ತೆರೆಯಕೂಡದು ಎಂದು ಹೇಳಿ ಕೂರಿಸಿದರು. ಮನೆಯಲ್ಲಿ ಎಲ್ಲಿ ಮಾತಾಡಿದರೂ ಗೋಡೆಗೆ ಬಡಿದು ಮಾತು ವಾಪಸು ಬರುತ್ತದೆ, ಬೀರುವಿನೊಳಗೆ ಬಟ್ಟೆಗಳ ನಡುವೆ ಕೂತರೆ ಬರುವುದಿಲ್ಲ ಎಂಬುದು ಗಮನಿಸಿಯವರ ಹಳೆಯ ಅನುಭವ. ಕೆಳಗಿನ ಹಲಗೆ ಖಾಲಿಮಾಡಿ, ಮಂಡಿ ಮಡಚಿಕೊಂಡು ಒಳಗೆ ಕುಳಿತು, ತಲೆಯ ಮೇಲೆ ಕಂಬಳಿ ಎಳೆದುಕೊಂಡರು. ಹೆಂಡತಿ ಬೀರು ಮುಚ್ಚಿದರು. ಕತ್ತಲೆಯಲ್ಲಿ ಫೋನಿನ ಬೆಳಕು ಮಾತ್ರ. ಒಕ್ಕಣೆಯನ್ನು ಮನಸ್ಸಿನಲ್ಲೇ ನಾಲ್ಕು ಸಲ ಓದಿಕೊಂಡರು. ಗಂಟಲು ಹೂವಿನ ಹಾಗೆ ಹಗುರವಾಗಿತ್ತು. ಎಡಗಿವಿಗೆ ಅಂಗೈ ಹಿಡಿದು, ಕೆಂಪು ಗುಂಡಿ ಒತ್ತಿ, ಬೆಳಗಿನಿಂದ ಕಾದಿಟ್ಟ ಆ ಮೊದಲ ಮಾತಿಗಾಗಿ ಬಾಯಿಯನ್ನು ಅಗಲವಾಗಿ ತೆರೆದರು.

ಅದೇ ಹೊತ್ತಿಗೆ ಮನೆ ಬಾಗಿಲು ದಬದಬ ಬಡಿದರು. ಆರೋಗ್ಯ ಇಲಾಖೆಯ ಇಬ್ಬರು, ತಲೆಯಿಂದ ಕಾಲಿನವರೆಗೆ ಬಿಳಿಯ ಕವಚ ತೊಟ್ಟವರು, ಒಳಗೆ ಬಂದರು. ಹಿಂದೆ ಗೆರೆಯಾಚೆ ಕಾರ್ಯದರ್ಶಿಗಳು. ರೋಗಿ ಎಲ್ಲಿ ಎಂದು ಕೇಳಿದ್ದಕ್ಕೆ ಹೆಂಡತಿ ಏನು ಹೇಳುವುದೆಂದು ತಡವರಿಸುತ್ತಿರುವಾಗ, ಮಗ ಸಕ್ಕರೆ ತುಂಬಿದ ಬಾಯನ್ನು ಮುಚ್ಚಿಕೊಂಡೇ ಬೆರಳಿನಿಂದ ಬೀರುವನ್ನು ತೋರಿಸಿದ. ಬೀರುವಿನಲ್ಲಿ ಅಡಗಿ ಕೂತಿದ್ದಾನೆ ಎಂದ ಮೇಲೆ ಇನ್ನೇನು ಉಳಿಯಿತು? ಬಿಳಿಯ ಕವಚದವರು ಎರಡೂ ಬಾಗಿಲನ್ನು ಒಟ್ಟಿಗೆ ಎಳೆದರು.

ಕಂಬಳಿ ಹೊದ್ದ ಮನುಷ್ಯ, ಬಾಯಿ ಆ ಎಂದು ತೆರೆದುಕೊಂಡು ಕುಳಿತಿದ್ದ. ಗಂಟಲ ದ್ರವ ತೆಗೆಯಲು ಬಂದವರಿಗೆ ಇದಕ್ಕಿಂತ ಅನುಕೂಲ ಇನ್ನೆಲ್ಲಿ ಸಿಗಬೇಕು? ಅವರಲ್ಲೊಬ್ಬಾಕೆ, ಹಾಗೇ ಇರಿ ಸರ್, ಬಹಳ ಚೆನ್ನಾಗಿ ಸಹಕರಿಸ್ತಿದ್ದೀರಿ ಎನ್ನುತ್ತಲೇ ಉದ್ದನೆಯ ಕಡ್ಡಿಯನ್ನು ನಾಲಿಗೆಯ ಹಿಂದಕ್ಕೆ ಇಳಿಸಿಬಿಟ್ಟರು.

ಆ ದಿನದ ಮೊದಲ ಮಾತು ಹೊರಟಿತು. ಅದು "ಪ್ರಯಾಣಿಕರೇ" ಆಗಿರಲಿಲ್ಲ. ಒಂಬತ್ತು ಗಂಟೆ ಒಳಗೇ ತುಂಬಿಟ್ಟಿದ್ದ ಸದ್ದೆಲ್ಲ ಒಂದೇ ಏಟಿಗೆ ಹೊರಬಿದ್ದ ಆ ಕೂಗಿಗೆ ಬಿಲ್ಡಿಂಗಿನ ನಾಲ್ಕೂ ಮಹಡಿಗಳಲ್ಲಿ ಜನ ಎದ್ದು ನಿಂತರು. ಗಮನಿಸಿಯವರು ಕಡ್ಡಿಯನ್ನು ಕಚ್ಚಿದರು, ಅದು ಮುರಿಯಿತು. ಎರಡನೆಯದು ಇಳಿಯಿತು. ಅದನ್ನು ಕೆಮ್ಮಿ ಉಗುಳಿದರು. ಮೂರನೆಯದಕ್ಕೆ ಇನ್ನೊಬ್ಬರು ತಲೆ ಹಿಡಿದುಕೊಂಡರು. ಮೂರೂ ಸಲ ಅವರು ತಮ್ಮ ಹದಿನೆಂಟು ವರ್ಷದ ತರಬೇತಿಯನ್ನೆಲ್ಲ ಹಾಕಿ ಕಿರುಚಿದರು. ಎಲ್ಲ ಮುಗಿದು, ನಾಳೆ ರಿಸಲ್ಟ್ ಬರುವ ತನಕ ಹೊರಗೆ ಬರಬೇಡಿ ಎಂದು ಹೇಳಿ ಅವರು ಹೊರಟಾಗ ಗಂಟೆ ಮೂರು ಐವತ್ತೊಂದು.

"ನಾನು," ಎಂದರು ಗಮನಿಸಿಯವರು. ಕೇಳಿಸಿದ್ದು ಜಲ್ಲಿಕಲ್ಲಿನ ಮೇಲೆ ತಗಡಿನ ಪೆಟ್ಟಿಗೆ ಎಳೆದ ಸದ್ದು. ಗೆರೆಯಾಚೆಯಿಂದ ಕಾರ್ಯದರ್ಶಿಗಳು, ನಾನು ಹೇಳ್ಲಿಲ್ವಾ, ಗಂಟಲು ಹೋಗಿದೆ ಅಂತ ಎಂದು ಸಮಾಧಾನದಿಂದ ಕೆಳಗಿಳಿದರು.

ಹೆಂಡತಿ ಬಿಸಿನೀರು ಕೊಟ್ಟರು. ಮಗಳು ಗಾಳಿ ಬೀಸಿದಳು. ಏನು ಮಾಡಿದರೂ ಜಲ್ಲಿಕಲ್ಲು ಜಲ್ಲಿಕಲ್ಲೇ. ಮೂರು ಐವತ್ತೈದಕ್ಕೆ ಅವರು ಮತ್ತೆ ಬೀರುವಿನೊಳಗೆ ಹೋಗಿ, ಕಣ್ಣೀರು ಒರೆಸಿಕೊಳ್ಳುತ್ತ, ಇದ್ದ ಧ್ವನಿಯಲ್ಲೇ ಓದಿ ಕಳಿಸಿದರು. ಹೊರಗೆ ಬಂದು ನೆಲದ ಮೇಲೆ ಕುಳಿತುಬಿಟ್ಟರು. ಅವರಿಗೆ ನಿಜಕ್ಕೂ ದುಃಖವಾಗಿತ್ತು. ಕಲಿತದ್ದು ಅದೊಂದು ಕೆಲಸ, ಇದ್ದದ್ದು ಅದೊಂದು ಹೆಮ್ಮೆ, ಎರಡೂ ಒಂದು ಕಡ್ಡಿಯ ತುದಿಯಲ್ಲಿ ಹೋಗಿದ್ದವು. ಹೆಂಡತಿ ಪಕ್ಕದಲ್ಲಿ ಕುಳಿತು ಅವರ ಕೈ ಹಿಡಿದುಕೊಂಡರು. ಮಗಳು ನೋಟ್‌ಬುಕ್ಕು ತೆಗೆದು, ಬೆಳಗಿನ ಹನ್ನೊಂದು ಟಿಕ್ಕುಗಳನ್ನೂ ತಾನಾಗಿಯೇ ಅಳಿಸಿದಳು. ಮಗ ಮಾತ್ರ ಸಕ್ಕರೆ ನುಂಗಿಕೊಂಡು ಬಂದು, ಅಪ್ಪ, ನಿನ್ ಧ್ವನಿ ರಾಕ್ಷಸನ ಥರ ಇದೆ, ಸೂಪರ್ ಆಗಿದೆ ಎಂದ. ಅವನನ್ನು ಬೈಯಲೂ ಅವರಿಗೆ ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ಎದ್ದರೆ ಗಂಟಲು ನೆಟ್ಟಗಾಗಿತ್ತು, ಮತ್ತದೇ ಬೆಣ್ಣೆ. ರಿಸಲ್ಟ್ ನೆಗೆಟಿವ್ ಬಂತು, ಹಗ್ಗ ಬಿಚ್ಚಿದರು. ಹನ್ನೊಂದಕ್ಕೆ ದೊಡ್ಡ ಕಚೇರಿಯ ದೊಡ್ಡ ಸಾಹೇಬರೇ ಫೋನು ಮಾಡಿದರು. ಗಮನಿಸಿಯವರು ಎದ್ದು ನಿಂತು, ಪಾರ್ಸೆಲ್ ಶೆಡ್ಡಿನ ಸುದ್ದಿ ಕೇಳಲು ಮನಸ್ಸು ಗಟ್ಟಿಮಾಡಿಕೊಂಡು ಫೋನನ್ನು ಕಿವಿಗಿಟ್ಟರು.

ಸಾಹೇಬರು ಬಾಯಿತುಂಬ ಹೊಗಳಿದರು. ನಲವತ್ತೊಂದು ಜನ ಕಳಿಸಿದ್ದರು, ಉಳಿದ ನಲವತ್ತು ಜನವೂ ಔತಣಕ್ಕೆ ಕರೆದ ಹಾಗೆ ನಯವಾಗಿ ಓದಿದ್ದರು, ಯಾರ ಮಾತಿಗೂ ಯಾರೂ ಹೆದರುವಂತಿರಲಿಲ್ಲ. ನಿಮ್ಮದನ್ನು ಹಾಕಿದ ತಕ್ಷಣ ಕೋಣೆಯಲ್ಲಿದ್ದವರೆಲ್ಲ ತಾವಾಗಿಯೇ ಮಾಸ್ಕ್ ಹಾಕಿಕೊಂಡರು, ಒಬ್ಬರು ಎದ್ದು ಹೋಗಿ ಕೈ ತೊಳೆದು ಬಂದರು, ರೋಗವೇ ಬಂದು ಎದುರಿಗೆ ನಿಂತು ಮಾತಾಡಿದ ಹಾಗಿತ್ತು ಎಂದರು. ಸಮಿತಿ ಒಂದೇ ಮಾತಿನಲ್ಲಿ ಒಪ್ಪಿದೆ. ಇನ್ನು ನೂರ ನಲವತ್ತು ಪ್ರಕಟಣೆಗಳ ಒಕ್ಕಣೆ ಕಳಿಸುತ್ತೇವೆ. ಶನಿವಾರದೊಳಗೆ ಎಲ್ಲವೂ ಅದೇ ಧ್ವನಿಯಲ್ಲಿ ಬರಬೇಕು, ಕೂದಲೆಳೆಯಷ್ಟೂ ವ್ಯತ್ಯಾಸ ಆಗಕೂಡದು.

ಗಮನಿಸಿಯವರಿಗೆ ಎದೆ ತುಂಬಿ ಬಂತು. "ಖಂಡಿತ ಸಾರ್, ಬಹಳ ಸಂತೋಷ ಸಾರ್," ಎಂದರು ಬೆಣ್ಣೆಯಂಥ ಧ್ವನಿಯಲ್ಲಿ.

"ಯಾರ್ರೀ ಇದು? ಫೋನ್ ಅವರಿಗೆ ಕೊಡಿ," ಎಂದರು ಸಾಹೇಬರು.

ನಾನೇ ಸಾರ್ ಎಂದರು ಇವರು. ಸಾಹೇಬರು ನಂಬಲಿಲ್ಲ. ಇವರು ಗಂಟಲನ್ನು ಹಿಂಡಿಕೊಂಡು ಒರಟಾಗಿ ಮಾತಾಡಲು ನೋಡಿದರು, ಅದು ನೆಗಡಿಯಾದ ಬೆಕ್ಕಿನ ಹಾಗೆ ಕೇಳಿಸಿತು. ಸಾಹೇಬರ ದನಿ ಬದಲಾಯಿತು. ಬೇರೆ ಯಾರ ಕೈಲೋ ಓದಿಸಿ ಕಳಿಸಿದ್ದೀರೋ ಹೇಗೆ, ಹಾಗೇನಾದರೂ ಇದ್ದರೆ ಪಾರ್ಸೆಲ್ ಶೆಡ್ಡಿಗೂ ಸೇರಿಸಿಕೊಳ್ಳುವುದಿಲ್ಲ, ಶನಿವಾರ ನೋಡೋಣ ಎಂದು ಫೋನಿಟ್ಟರು.

ಆ ದಿನ, ಅದರ ಮರುದಿನ, ಆ ಮನೆಯಲ್ಲಿ ನಡೆದ ಪ್ರಯತ್ನಗಳನ್ನು ಹೇಳಿ ಪೂರೈಸುವುದಕ್ಕಿಲ್ಲ. ಐಸ್ ತುಂಡುಗಳನ್ನು ಕಡಿದದ್ದಾಯಿತು. ಒಲೆಯ ಹೊಗೆ ಕುಡಿದದ್ದಾಯಿತು. ಮೆಣಸಿನಪುಡಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿದ್ದಾಯಿತು. ಮಗ ಮತ್ತು ಮಗಳು ಬೇಕೆಂದೇ ತಂಟೆ ಮಾಡುತ್ತ ಹೋದರು, ಅಪ್ಪ ಬೆಳಗಿನಿಂದ ಸಂಜೆಯವರೆಗೆ ಕಿರುಚಿ ಬೈಯುತ್ತ ಹೋದರು. ಕಾರ್ಯದರ್ಶಿಗಳು ಬಂದು, ಮೊದಲಿನ ಹಾಗೆ ಸುಮ್ಮನಿದ್ದರೇ ಚೆನ್ನಾಗಿತ್ತು ಎಂದು ಹೇಳಿ ಹೋದರು. ಆದರೆ ಹದಿನೆಂಟು ವರ್ಷ ಸಾಕಿದ ಗಂಟಲು, ಅಷ್ಟು ಸುಲಭಕ್ಕೆ ಕೆಡುತ್ತದೆಯೇ? ಬೈಗುಳವೂ ಹಾಡಿನ ಹಾಗೆ ಬರುತ್ತಿತ್ತು. ಬೈಸಿಕೊಂಡ ಮಗ ಎರಡು ಸಲ ಅಲ್ಲೇ ನಿದ್ದೆ ಹೋದ.

ಶುಕ್ರವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ ಅವರು ಶಾಲೆಯ ಮೈದಾನದಲ್ಲಿ ಹಾಕಿದ್ದ ಪರೀಕ್ಷಾ ಶಿಬಿರಕ್ಕೆ ಹೋಗಿ ಸಾಲಿನಲ್ಲಿ ನಿಂತರು. ಎರಡು ಗಂಟೆ ಬಿಸಿಲಲ್ಲಿ ಕಾದ ಮೇಲೆ ಸರದಿ ಬಂತು. ಮೇಜಿನ ಹಿಂದೆ ಬಿಳಿಯ ಕವಚ ತೊಟ್ಟ ಹೆಣ್ಣುಮಗಳೊಬ್ಬಳು ಕಂಪ್ಯೂಟರಿನಲ್ಲಿ ನೋಡಿ, ಮೂರು ದಿನದ ಹಿಂದೆ ಆಗಿದೆಯಲ್ಲ ಸರ್, ನೆಗೆಟಿವ್ ಇದೆ, ಮತ್ತೆ ಯಾಕೆ ಬಂದಿರಿ ಎಂದು ಕೇಳಿದಳು. ಜ್ವರ ಇದೆಯೇ ಎಂದಳು, ಇಲ್ಲ ಎಂದರು. ಕೆಮ್ಮು ಎಂದಳು, ಇಲ್ಲ ಎಂದರು.

"ಗಂಟಲು ಹೇಗಿದೆ?"

"ಚೆನ್ನಾಗಿದೆ ಸಿಸ್ಟರ್. ಅದೇ ತೊಂದರೆ."

ಗಂಟಲು ಕೆಟ್ಟವರಿಗೆ ಮಾತ್ರ ಕಡ್ಡಿ ಹಾಕುವುದು, ಚೆನ್ನಾಗಿರುವವರಿಗೆ ಹಾಕುವಂತಿಲ್ಲ, ಮೇಲಿನ ಆದೇಶ ಎಂದು ಅವಳು ಮುಂದಿನವರನ್ನು ಕರೆದಳು. ಗಮನಿಸಿಯವರು ಮೇಜು ಹಿಡಿದು ನಿಂತುಬಿಟ್ಟರು. ಕೈ ತಾನಾಗಿ ಎಡಗಿವಿಗೆ ಹೋಯಿತು. ದಯವಿಟ್ಟು ಗಮನಿಸಿ ಸಿಸ್ಟರ್, ಒಂದೇ ಒಂದು ಸಲ, ಸ್ವಲ್ಪ ಒಳಗಡೆವರೆಗೆ, ಒರಟಾಗಿಯೇ ಹಾಕಿ, ಕಡ್ಡಿ ಮುರಿದರೂ ಪರವಾಗಿಲ್ಲ, ಹೆಂಡತಿ ಮಕ್ಕಳಿರುವವನು ಎಂದು ಅಂಗಲಾಚಿದರು. ಸಂಕಟದಲ್ಲಿ ಆ ಧ್ವನಿ ಹಿಂದೆಂದೂ ಇಲ್ಲದಷ್ಟು ಇಂಪಾಗಿ ಬಂತು. ಸಾಲಿನಲ್ಲಿ ಗಲಾಟೆ ಮಾಡುತ್ತಿದ್ದವರು ಸುಮ್ಮನಾದರು. ಅಳುತ್ತಿದ್ದ ಮಗುವೊಂದು ಅಳು ನಿಲ್ಲಿಸಿತು. ಮೇಜಿನ ಹಿಂದಿದ್ದವಳು ಬರೆಯುವುದನ್ನು ಬಿಟ್ಟು, ಗಲ್ಲಕ್ಕೆ ಕೈಕೊಟ್ಟು, ಅವರು ಮುಗಿಸುವ ತನಕ ಕೇಳಿದಳು. ಆಮೇಲೆ ಮರುಕದಿಂದ ತಲೆಯಾಡಿಸಿದಳು.

"ಇಂಥಾ ಧ್ವನಿ ಇಟ್ಕೊಂಡು ಇಲ್ಲಿ ಬಿಸಿಲಲ್ಲಿ ನಿಂತಿದ್ದೀರಲ್ಲ ಸರ್," ಎಂದಳು. "ರೈಲ್ವೆಯಲ್ಲಿ ಒಂದು ಸಲ ಕೇಳಿ ನೋಡಿ. ನಿಂತ ಕಾಲಲ್ಲೇ ಕೆಲಸಕ್ಕೆ ತಗೋತಾರೆ."